ರಾತ್ರಿ ಶಿಫ್ಟ್, ನಿದ್ದೆಯ ಗಮ್ಮಿ, ಲಿವರ್: ಮಗನಿಗೊಂದು ಉತ್ತರ, ಅಪ್ಪನಿಗೊಂದು

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಬೆಂಗಳೂರಿನಲ್ಲಿ ಕಸ್ಟಮರ್ ಸಪೋರ್ಟ್ ಕೆಲಸ. ಆರು ವರ್ಷದಿಂದ ಅಮೆರಿಕದ ಶಿಫ್ಟ್, ಸಂಜೆ 6.30ರಿಂದ ಬೆಳಗಿನ ಜಾವ 3.30ರವರೆಗೆ. ರಾತ್ರಿ 12.30ಕ್ಕೆ ಊಟದ ಬ್ರೇಕ್, ಹೆಚ್ಚಾಗಿ ಎಗ್ ರೈಸ್ ಅಥವಾ ಬಿರಿಯಾನಿ. ಮನೆಗೆ ಬಂದರೆ ನಿದ್ದೆ ಹತ್ತುವುದಿಲ್ಲ ಅಂತ ಎಂಟು ತಿಂಗಳಿಂದ ಆನ್‌ಲೈನ್‌ನಲ್ಲಿ ತರಿಸಿದ 5 ಎಂಜಿ ಮೆಲಟೋನಿನ್ (ನಿದ್ದೆಯ ಹಾರ್ಮೋನು) ಗಮ್ಮಿ, ಅಂದರೆ ಜೆಲ್ಲಿ ಮಿಠಾಯಿಯಂಥದ್ದು, ತಿನ್ನುತ್ತಿದ್ದೇನೆ. ಡಬ್ಬಿ ಮೇಲೆ ಅಶ್ವಗಂಧವೂ ಇದೆ ಎಂದು ಬರೆದಿದೆ. ಕಳೆದ ತಿಂಗಳು ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂತು. ಲಿವರ್‌ಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಕಿಣ್ವಗಳಂತೆ, ಎಸ್‌ಜಿಪಿಟಿ 78, ಎಸ್‌ಜಿಒಟಿ 52, ಬಿಲಿರುಬಿನ್ ನಾರ್ಮಲ್, ಪ್ಲೇಟ್ಲೆಟ್ 2.4 ಲಕ್ಷ, ಫಾಸ್ಟಿಂಗ್ ಶುಗರ್ 108. ತೂಕ 84 ಕೆಜಿ, ಸೊಂಟ 98 ಸೆಂ.ಮೀ. ಕುಡಿಯುವುದು ವಾರಕ್ಕೊಮ್ಮೆ, ಎರಡು ಪೆಗ್. ಗಮ್ಮಿಯಿಂದಲೇ ಲಿವರ್ ಕೆಟ್ಟಿತು ಎನ್ನುತ್ತಾಳೆ ಹೆಂಡತಿ. ರಾತ್ರಿ 1ರಿಂದ 3 ಗಂಟೆ ಲಿವರ್ ತನ್ನನ್ನು ತೊಳೆದುಕೊಳ್ಳುವ ಹೊತ್ತು, ಆಗ ಎಚ್ಚರವಿದ್ದರೆ ವಿಷ ಉಳಿದುಬಿಡುತ್ತದೆ ಎಂದು ವಾಟ್ಸಾಪ್‌ನಲ್ಲಿ ಓದಿದೆ. ಇದು ನಿಜವೇ? ಇನ್ನೊಂದು ವಿಷಯ. ಊರಲ್ಲಿ ಅಪ್ಪನಿಗೆ 66 ವರ್ಷ, ಎರಡು ವರ್ಷದಿಂದ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ. ಈಚೆಗೆ ಹಗಲೆಲ್ಲ ತೂಕಡಿಸುತ್ತಾರೆ, ರಾತ್ರಿ ಎದ್ದು ಕೂರುತ್ತಾರೆ. ಅವರಿಗೂ ಇದೇ ಗಮ್ಮಿ ಕೊಡಲು ಶುರು ಮಾಡಿದ್ದೇನೆ. ಪರವಾಗಿಲ್ಲ ಅಲ್ವಾ?

ಉತ್ತರ: ಇಲ್ಲ, ಇದನ್ನು ಪರವಾಗಿಲ್ಲ ಎನ್ನುವಂತಿಲ್ಲ. ಅದಕ್ಕೇ ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಅಪ್ಪನಿಗೆ ಗಮ್ಮಿ ಕೊಡುವುದನ್ನು ಇವತ್ತೇ ನಿಲ್ಲಿಸಿ. ಈ ವಾರದೊಳಗೆ ಅವರನ್ನು ನೋಡುತ್ತಿರುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಸಿರೋಸಿಸ್ ಇದ್ದವರಿಗೆ ಹಗಲು ರಾತ್ರಿ ಅದಲುಬದಲಾದರೆ ನಾವು ಅದನ್ನು ಬರೀ ನಿದ್ದೆಯ ತೊಂದರೆ ಎಂದು ನೋಡುವುದಿಲ್ಲ. ಕರುಳಿನಲ್ಲಿ ಹುಟ್ಟುವ ಅಮೋನಿಯಾವನ್ನು ಲಿವರ್ ತೆಗೆದುಹಾಕಬೇಕು. ಅದರ ಕೈಯಲ್ಲಿ ಆಗದಿದ್ದಾಗ ಅಮೋನಿಯಾ ರಕ್ತದ ಜೊತೆ ಮಿದುಳಿಗೆ ಹೋಗುತ್ತದೆ. ಇದಕ್ಕೆ ಹೆಪ್ಯಾಟಿಕ್ ಎನ್ಸೆಫಲೋಪತಿ ಅನ್ನುತ್ತೇವೆ. ಮುಂದೆ ಮಾತು ತೊದಲುವುದು, ಗೊಂದಲ, ಪ್ರಜ್ಞೆ ತಪ್ಪುವುದು ಎಲ್ಲ ಬರಬಹುದು. ಆದರೆ ಎಷ್ಟೋ ಮನೆಗಳಲ್ಲಿ ಮೊದಲು ಕಾಣುವುದು ಇದೇ: ಹಗಲು ತೂಕಡಿಕೆ, ರಾತ್ರಿ ಜಾಗರಣೆ. ‘ವಯಸ್ಸಾಯ್ತು, ನಿದ್ದೆ ಕಮ್ಮಿ’ ಎಂದುಕೊಂಡು ಮನೆಯವರು ನಿದ್ದೆ ಮಾತ್ರೆ ತಂದುಕೊಡುತ್ತಾರೆ. ಅಲ್ಪ್ರಜೋಲಮ್‌ನಂಥ ಮಾತ್ರೆ ಕೊಟ್ಟು, ಮಾರನೆಯ ದಿನ ಎಬ್ಬಿಸಿದರೂ ಏಳದ ಸ್ಥಿತಿಯಲ್ಲಿ ಎತ್ತಿಕೊಂಡು ಬಂದವರನ್ನು ನಾನು ನೋಡಿದ್ದೇನೆ, ಒಬ್ಬಿಬ್ಬರನ್ನಲ್ಲ.

ಮನೆಯಲ್ಲೇ ಕೆಲವು ವಿಷಯ ಗಮನಿಸಿ. ಎರಡೂ ಕೈ ಮುಂದೆ ಚಾಚಿ, ಟ್ರಾಫಿಕ್ ಪೊಲೀಸರು ಗಾಡಿ ನಿಲ್ಲಿಸುವ ಹಾಗೆ ಅಂಗೈ ಎತ್ತಲು ಹೇಳಿ. ಕೈ ಪಟಪಟ ಬಿದ್ದು ಬಿದ್ದು ಏಳುತ್ತದೆಯೇ ನೋಡಿ. ದಿನಾ ಕ್ಯಾಲೆಂಡರ್ ಮೇಲೆ ಒಂದು ಸಹಿ ಹಾಕಿಸಿ. ಅಕ್ಷರ ಕೆಡುತ್ತಾ ಬಂದರೆ ಅದೂ ಒಂದು ಸುಳಿವು. ಮಲಬದ್ಧತೆ ಇದೆಯೇ ಕೇಳಿ. ಮಲ ಕರುಳಿನಲ್ಲೇ ನಿಂತಷ್ಟೂ ಅಮೋನಿಯಾ ಜಾಸ್ತಿ. ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಹೋಗುವಂತೆ ಲ್ಯಾಕ್ಟುಲೋಸ್ ಸಿರಪ್ ಕೊಡುವುದು ಇದಕ್ಕೇ. ಡಾಕ್ಟರು ಮೊದಲೇ ಬರೆದುಕೊಟ್ಟಿದ್ದು, ಅಪ್ಪ ‘ಸಿಹಿ ಜಾಸ್ತಿ’ ಎಂದು ಬಿಟ್ಟಿರಲೂಬಹುದು, ವಿಚಾರಿಸಿ. ಮಾತು ತಪ್ಪುತ್ತಿದ್ದರೆ, ಜ್ವರ ಇದ್ದರೆ, ಮಲ ಟಾರಿನಂತೆ ಕಪ್ಪಗೆ ಹೋದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೇರ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಮೆಲಟೋನಿನ್ ವಿಷಯದಲ್ಲೂ ಅಪ್ಪನ ಲೆಕ್ಕ ಬೇರೆ. ಬಾಯಿಂದ ತೆಗೆದುಕೊಂಡ ಮೆಲಟೋನಿನ್‌ನ ಬಹುಪಾಲನ್ನು ಲಿವರೇ ಒಡೆದುಹಾಕುತ್ತದೆ. ಸಿವೈಪಿ1ಎ2 ಎಂಬ ಕಿಣ್ವದ ಕೆಲಸ ಅದು. ಆರೋಗ್ಯವಂತರಲ್ಲಿ ನುಂಗಿದ್ದರಲ್ಲಿ ಶೇ. 15ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಸೇರಿದ್ದರಲ್ಲೂ ಅರ್ಧದಷ್ಟು ಸುಮಾರು ಮುಕ್ಕಾಲು ಗಂಟೆಯೊಳಗೆ ಖಾಲಿ. ಸಿರೋಸಿಸ್‌ನಲ್ಲಿ ಈ ಕೆಲಸ ನಿಧಾನ. ದೇಹ ತಾನೇ ಮಾಡಿದ ಮೆಲಟೋನಿನ್ ಕೂಡ ಹಗಲಿನಲ್ಲಿ ರಕ್ತದಲ್ಲಿ ಉಳಿದಿರುತ್ತದೆ. ಅದರ ಮೇಲೆ ಇನ್ನಷ್ಟು ಸುರಿದರೆ ಹಗಲಿನ ಮಂಪರು ಹೆಚ್ಚಬಹುದು. ಆಗ ಡಾಕ್ಟರಿಗೂ ಇದು ಗಮ್ಮಿಯ ಮಂಪರೋ ಅಮೋನಿಯಾದ ಮಂಪರೋ ಹೇಳುವುದು ಕಷ್ಟ.

ಈಗ ನಿಮ್ಮ ವಿಷಯಕ್ಕೆ ಬರೋಣ.

ನಿಮ್ಮ ಹೆಂಡತಿ ಬೊಟ್ಟು ಮಾಡಿದ ಡಬ್ಬಿ ಸರಿ, ಬೊಟ್ಟು ಮಾಡಿದ ಪದಾರ್ಥ ತಪ್ಪು. ಮೆಲಟೋನಿನ್ ಲಿವರ್‌ಗೆ ಪೆಟ್ಟು ಕೊಡುತ್ತದೆ ಎನ್ನಲು ಆಧಾರವಿಲ್ಲ. 1958ರಲ್ಲಿ ಅಮೆರಿಕದ ಯೇಲ್‌ನಲ್ಲಿ ಆರನ್ ಲರ್ನರ್ ಎಂಬ ಚರ್ಮವೈದ್ಯರು ದನದ ಮಿದುಳಿನ ಪೀನಿಯಲ್ ಗ್ರಂಥಿಯಿಂದ ಇದನ್ನು ಬೇರ್ಪಡಿಸಿದರು. ಅವರು ಹುಡುಕುತ್ತಿದ್ದುದು ಚರ್ಮದ ಬಣ್ಣದ ಕಾಯಿಲೆಗೆ ಔಷಧ. ಸಿಕ್ಕಿದ್ದು ನಿದ್ದೆಯ ಹಾರ್ಮೋನು! ಅಂದಿನಿಂದ ಇದನ್ನು ಕೋಟ್ಯಂತರ ಜನ ತಿಂದಿದ್ದಾರೆ. ಔಷಧಿಗಳಿಂದ ಲಿವರ್‌ಗೆ ಆಗುವ ತೊಂದರೆಗಳ ಲೆಕ್ಕ ಇಡುವ ಅಮೆರಿಕ ಸರ್ಕಾರದ ಲಿವರ್‌ಟಾಕ್ಸ್ ಎಂಬ ದಾಖಲೆ ಇದೆ. ಅದರಲ್ಲಿ ಮೆಲಟೋನಿನ್ ಇರುವುದು ‘ಲಿವರ್ ಹಾನಿಗೆ ಕಾರಣವಾಗುವ ಸಂಭವವಿಲ್ಲ’ ಎಂಬ ಪಟ್ಟಿಯಲ್ಲಿ. ಮೆಲಟೋನಿನ್‌ನ ದಾಯಾದಿಯಂತಿರುವ ಅಗೊಮೆಲಟಿನ್ ಎಂಬ ಖಿನ್ನತೆಯ ಮಾತ್ರೆ ಮಾತ್ರ ಲಿವರ್‌ಗೆ ತೊಂದರೆ ಕೊಡಬಲ್ಲದು. ಅದನ್ನು ಕೊಡುವಾಗ ಲಿವರ್ ಟೆಸ್ಟ್ ಮಾಡಿಸುತ್ತಲೇ ಇರಬೇಕು. ಹೆಸರು ಹತ್ತಿರ ಇರುವುದರಿಂದ ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ.

ನನಗೆ ಅನುಮಾನ ಇರುವುದು ಅಶ್ವಗಂಧದ ಮೇಲೆ. ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ, ಗೊತ್ತು. ನಮ್ಮ ಅಜ್ಜಿಯೂ ಹಾಲಿಗೆ ಹಾಕಿ ಕೊಡುತ್ತಿದ್ದರು. ತಿಂದವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಕೆಲವರಿಗೆ ಇದರ ಕ್ಯಾಪ್ಸೂಲ್ ಅಥವಾ ಗಟ್ಟಿ ಸಾರ ತಿಂದ ಕೆಲವು ವಾರಗಳಲ್ಲಿ ಜಾಂಡೀಸ್ ಬರುತ್ತದೆ, ಜೊತೆಗೆ ವಿಪರೀತ ಮೈ ತುರಿಕೆ. 2020ರಲ್ಲಿ ಐಸ್‌ಲ್ಯಾಂಡ್ ಮತ್ತು ಅಮೆರಿಕದಿಂದ, 2023ರಲ್ಲಿ ನಮ್ಮ ದೇಶದಿಂದಲೇ ಇಂಥ ರೋಗಿಗಳ ವರದಿ ಬಂದಿದೆ. ಭಾರತದ ವರದಿಯಲ್ಲಿ ಜೀವ ಹೋದವರು ಮೊದಲೇ ಲಿವರ್ ಕಾಯಿಲೆ ಇದ್ದವರು. ನಿಮ್ಮ ಅಪ್ಪನ ಗಮ್ಮಿ ಇವತ್ತೇ ನಿಲ್ಲಬೇಕು ಎಂದು ನಾನು ಹಟ ಹಿಡಿಯಲು ಇದು ಎರಡನೆಯ ಕಾರಣ.

ನಿಮ್ಮ ಎಸ್‌ಜಿಪಿಟಿ 78 ಆದದ್ದು ಅಶ್ವಗಂಧದಿಂದಲೇ? ಬಹುಶಃ ಅಲ್ಲ. ಗ್ರೇಡ್ 2 ಕೊಬ್ಬು, 98 ಸೆಂ.ಮೀ. ಸೊಂಟ, ವಾರದ ಎರಡು ಪೆಗ್ ಇರುವಾಗ 78ಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ನಮ್ಮ ಗಂಡಸರಿಗೆ ಸೊಂಟದ ಮಿತಿ 90. ಆದರೂ ಆ ಡಬ್ಬಿ ಬಿಡಿ. ಗಮ್ಮಿಗಳಲ್ಲಿ ಇನ್ನೊಂದು ತೊಡಕಿದೆ. ಡಬ್ಬಿ ಮೇಲೆ ಬರೆದಿರುವುದಕ್ಕೂ ಒಳಗಿರುವುದಕ್ಕೂ ತಾಳೆಯಾಗುವುದಿಲ್ಲ. 2023ರಲ್ಲಿ ಅಮೆರಿಕದಲ್ಲಿ 25 ಬಗೆಯ ಗಮ್ಮಿ ತಂದು ಪರೀಕ್ಷೆ ಮಾಡಿದರು. 22ರಲ್ಲಿ ಲೆಕ್ಕ ತಪ್ಪಿತ್ತು. ಒಂದರಲ್ಲಿ ಬರೆದಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಮೆಲಟೋನಿನ್, ಇನ್ನೊಂದರಲ್ಲಿ ಮೆಲಟೋನಿನ್ ಇಲ್ಲವೇ ಇಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಚಾಕೊಲೇಟ್ ಅಂತ ತಿಂದುಬಿಡುವ ಭಯ ಬೇರೆ.

ಇನ್ನು ವಾಟ್ಸಾಪ್ ಮಾತು. ರಾತ್ರಿ 1ರಿಂದ 3 ಲಿವರ್‌ನ ಹೊತ್ತು ಎನ್ನುವುದು ಚೀನಾದ ಹಳೆಯ ವೈದ್ಯಪದ್ಧತಿಯ ಒಂದು ಕಲ್ಪನೆ. ಅದರಲ್ಲಿ ದಿನವನ್ನು ಎರಡೆರಡು ಗಂಟೆಗೆ ಒಂದೊಂದು ಅಂಗಕ್ಕೆ ಹಂಚುತ್ತಾರೆ. ಅಲ್ಲಿಂದ ಹೊರಟು, ದಾರಿಯಲ್ಲಿ ಡಿಟಾಕ್ಸ್ ಎಂಬ ಪದ ಸೇರಿಸಿಕೊಂಡು, ನಿಮ್ಮ ಫೋನಿಗೆ ಬಂದಿದೆ. ಲಿವರ್ ಬಟ್ಟೆ ಒಗೆದ ಹಾಗೆ ರಾತ್ರಿ ಎರಡು ಗಂಟೆ ಕೂತು ವಿಷ ತೊಳೆಯುವುದಿಲ್ಲ. ಆ ಕೆಲಸ ದಿನವಿಡೀ ನಡೆಯುತ್ತಲೇ ಇರುತ್ತದೆ. ದಿನಾ 3 ಗಂಟೆಗೆ ಎಚ್ಚರವಾಗುತ್ತದೆ, ಲಿವರ್ ಕೆಟ್ಟಿರಬೇಕು ಎಂದು ಬರುವವರಲ್ಲಿ ನನಗೆ ಹೆಚ್ಚಾಗಿ ಸಿಗುವುದು ಗೊರಕೆ, ಎದೆಯುರಿ, ರಾತ್ರಿಯ ಪೆಗ್, ಇಲ್ಲವೇ ಮನೆ ಸಾಲದ ಚಿಂತೆ. ಅಂದ ಹಾಗೆ, ನೀವು ಜೋರಾಗಿ ಗೊರಕೆ ಹೊಡೆಯುತ್ತೀರಾ? ಹೆಂಡತಿಯನ್ನು ಕೇಳಿ. ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಮತ್ತು ಫ್ಯಾಟಿ ಲಿವರ್ ಬಹಳ ಸಲ ಜೊತೆಜೊತೆಗೇ ಇರುತ್ತವೆ. ಅದಿದ್ದರೆ ಯಾವ ಗಮ್ಮಿಯೂ ನಿದ್ದೆ ಸರಿಮಾಡುವುದಿಲ್ಲ.

ಆದರೆ ಆ ಸುಳ್ಳಿನ ಪಕ್ಕದಲ್ಲೇ ಒಂದು ನಿಜ ಕೂತಿದೆ. ಲಿವರ್‌ಗೆ ತನ್ನದೇ ಗಡಿಯಾರ ಇದೆ.

ಕಣ್ಣಿನ ನರಗಳು ಮಿದುಳಿಗೆ ಹೋಗುವ ದಾರಿಯಲ್ಲಿ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪಿದೆ. ಅದು ದೇಹದ ದೊಡ್ಡ ಗಡಿಯಾರ. ಬೆಳಕು ನೋಡಿ ಹೊತ್ತು ಸರಿಮಾಡಿಕೊಳ್ಳುತ್ತದೆ, ಕತ್ತಲಾದ ಮೇಲೆ ಪೀನಿಯಲ್ ಗ್ರಂಥಿಗೆ ಮೆಲಟೋನಿನ್ ಬಿಡಲು ಹೇಳುತ್ತದೆ. ಆದರೆ ಗಡಿಯಾರದ ಜೀನ್‌ಗಳು ಅಲ್ಲಿ ಮಾತ್ರ ಇಲ್ಲ, ಮೈಯ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇವೆ. ಆ ಜೀನ್‌ಗಳ ಕೆಲಸವನ್ನು ಹಣ್ಣಿನ ನೊಣದಲ್ಲಿ ಬಿಡಿಸಿಟ್ಟ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಲಿವರ್ ಯಾವಾಗ ಸಕ್ಕರೆ ಕೂಡಿಡಬೇಕು, ಯಾವಾಗ ಬಿಡಬೇಕು, ಪಿತ್ತ ಯಾವಾಗ ಮಾಡಬೇಕು ಎಂಬುದೆಲ್ಲ ಈ ಗಡಿಯಾರದ ಪ್ರಕಾರವೇ. ಕೊಲೆಸ್ಟ್ರಾಲ್ ತಯಾರಿ ರಾತ್ರಿ ಜಾಸ್ತಿ. ಅದಕ್ಕೇ ಸಿಮ್ವಸ್ಟಾಟಿನ್‌ನಂಥ ಮಾತ್ರೆಯನ್ನು ರಾತ್ರಿ ತೆಗೆದುಕೊಳ್ಳಲು ಹೇಳುತ್ತಾರೆ.

ಲಿವರ್ ಕಿಟಕಿಯ ಬೆಳಕು ನೋಡಲಾರದು. ಅದಕ್ಕೆ ಹೊತ್ತು ತಿಳಿಸುವುದು ಊಟ. 2000ದಲ್ಲಿ ಜಿನೀವಾದ ಒಂದು ಲ್ಯಾಬ್‌ನಲ್ಲಿ ಇಲಿಗಳಿಗೆ ಹಗಲು ಮಾತ್ರ ಆಹಾರ ಕೊಟ್ಟರು. ಇಲಿ ರಾತ್ರಿ ತಿನ್ನುವ ಪ್ರಾಣಿ. ಕೆಲವು ದಿನಗಳಲ್ಲಿ ಅವುಗಳ ಲಿವರ್ ಗಡಿಯಾರ ಪೂರ್ತಿ ತಿರುಗಿ ನಿಂತಿತು, ಮಿದುಳಿನ ಗಡಿಯಾರ ಮಾತ್ರ ಕದಲಲಿಲ್ಲ. ಒಂದೇ ಮೈಯಲ್ಲಿ ಎರಡು ಹೊತ್ತು. ಆರು ವರ್ಷದಿಂದ ನಿಮ್ಮೊಳಗೆ ನಡೆಯುತ್ತಿರುವುದೂ ಸುಮಾರು ಇದೇ. ಮಿದುಳಿಗೆ ಅದು ನಡುರಾತ್ರಿ, ಲಿವರ್‌ಗೆ ಬಿರಿಯಾನಿ ಬಂದ ಹೊತ್ತು.

ನಡುರಾತ್ರಿ ತಿಂದ ಅದೇ ಅನ್ನ ಯಾಕೆ ಹೆಚ್ಚು ಕೆಟ್ಟದ್ದು? ಮೆಲಟೋನಿನ್ ಏರಿದ ಹೊತ್ತಿನಲ್ಲಿ ಇನ್ಸುಲಿನ್ ಬಿಡುಗಡೆ ಮಂದವಾಗುತ್ತದೆ. ಸಕ್ಕರೆ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮಿಕ್ಕಿದ್ದನ್ನು ಲಿವರ್ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ. 2021ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನನಗೆ ಬಹಳ ಇಷ್ಟ. 19 ಜನ ಆರೋಗ್ಯವಂತ ಯುವಕ ಯುವತಿಯರನ್ನು ಲ್ಯಾಬ್‌ನಲ್ಲಿಟ್ಟು ರಾತ್ರಿ ಶಿಫ್ಟ್ ಮಾಡಿಸಿದರು. ಒಂದು ಗುಂಪಿಗೆ ರಾತ್ರಿಯೂ ಊಟ, ಇನ್ನೊಂದಕ್ಕೆ ಹಗಲು ಮಾತ್ರ. ರಾತ್ರಿ ತಿಂದವರ ಸಕ್ಕರೆ ಸರಾಸರಿ ಶೇ. 6.4 ಏರಿತು. ಹಗಲು ಮಾತ್ರ ತಿಂದವರಿಗೆ ಏರಲಿಲ್ಲ, ಅವರೂ ರಾತ್ರಿಯೆಲ್ಲ ಎಚ್ಚರವಿದ್ದರೂ! ಶಿಫ್ಟ್ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ ಎಂದಿಟ್ಟುಕೊಳ್ಳೋಣ. ಊಟದ ಹೊತ್ತು ಬದಲಿಸಬಹುದಲ್ಲ? ಚಿಕ್ಕ ಪ್ರಯೋಗ, ನಿಜ. ಆದರೆ ಪಾಲಿಸಲು ಖರ್ಚಿಲ್ಲ.

ಹೀಗೆ ಮಾಡಿ ನೋಡಿ. ಐದಕ್ಕೆ ಮಲಗಿ ಹನ್ನೆರಡಕ್ಕೆ ಏಳುತ್ತೀರಿ ಎಂದುಕೊಂಡರೆ, ಒಂದು ಗಂಟೆಗೆ ದೊಡ್ಡ ಊಟ. ಮುದ್ದೆ, ಸೊಪ್ಪಿನ ಸಾರು, ಕಾಳು ಪಲ್ಯ, ಮೊಟ್ಟೆ, ನಿಮಗೆ ಒಗ್ಗುವುದು ಯಾವುದಾದರೂ. ಆರು ಗಂಟೆಗೆ, ಲಾಗಿನ್ ಮುಂಚೆ ಎರಡನೆಯ ಊಟ. ಬ್ರೇಕ್‌ನಲ್ಲಿ ಎಲ್ಲರೂ ತಿನ್ನುವಾಗ ಸುಮ್ನೆ ಕೂರುವುದು ಕಷ್ಟ, ನನಗೆ ಗೊತ್ತು. ರಾತ್ರಿ ಡ್ಯೂಟಿ ಮಾಡುವ ಕಾಲದಲ್ಲಿ ನಾನೂ 2 ಗಂಟೆಗೆ ಬನ್ನು ಟೀ ಬಿಟ್ಟವಳಲ್ಲ. ಒಂದು ಹಿಡಿ ಹುರಿಗಡಲೆ ಅಥವಾ ಒಂದು ಲೋಟ ಮಜ್ಜಿಗೆ ಇಟ್ಟುಕೊಳ್ಳಿ. ಅನ್ನ, ಕರಿದದ್ದು, ಕೂಲ್ ಡ್ರಿಂಕ್ಸ್ ಬೇಡ. ಕಾಫಿ ಲಿವರ್‌ಗೆ ಒಳ್ಳೆಯದೇ, ಅದರಲ್ಲಿ ಅನುಮಾನ ಬೇಡ. ಸಕ್ಕರೆ ಕಮ್ಮಿ ಮಾಡಿ. ಕೊನೆಯ ಲೋಟ ರಾತ್ರಿ ಹತ್ತರೊಳಗೆ ಮುಗಿಸಿ. ಒಂದೂವರೆಗೆ ಕಾಫಿ ಕುಡಿದು ಐದಕ್ಕೆ ನಿದ್ದೆ ಬರುವುದಿಲ್ಲ ಎಂದು ಗಮ್ಮಿ ತಿನ್ನುವುದು, ಒಂದು ಕಾಲಲ್ಲಿ ಆಕ್ಸಿಲರೇಟರ್, ಇನ್ನೊಂದರಲ್ಲಿ ಬ್ರೇಕ್ ಒತ್ತಿದ ಹಾಗೆ.

ಸೂರ್ಯ ಹುಟ್ಟುವ ಮುಂಚೆ ಮನೆ ಸೇರುತ್ತೀರಿ, ಅದು ನಿಮ್ಮ ಅದೃಷ್ಟ. ದಪ್ಪ ಪರದೆ ಹಾಕಿ ಆರು ಗಂಟೆಯ ಬೆಳಕು ಬೀಳದಂತೆ ಮಲಗಿ. ರಜೆ ದಿನ ಪೂರ್ತಿ ಹಗಲಿನ ಮನುಷ್ಯರಾಗಲು ಹೋಗಬೇಡಿ. ಎರಡು ಮೂರು ಗಂಟೆ ಹಿಂದಕ್ಕೆ ಸರಿದರೆ ಸಾಕು. ವಾರವಾರವೂ ಪೂರ್ತಿ ತಿರುಗಿಸಿದರೆ ಗಡಿಯಾರ ಎಲ್ಲೂ ನಿಲ್ಲುವುದಿಲ್ಲ. ಮನೆಯವರಿಗೆ ಇದು ಇಷ್ಟವಾಗುವುದಿಲ್ಲ. ಭಾನುವಾರ ಬೆಳಗ್ಗೆ ದೋಸೆಗೆ ಅಪ್ಪ ಏಳಲಿಲ್ಲ ಎಂದು ಮಕ್ಕಳು ಮುನಿಸಿಕೊಳ್ಳುತ್ತಾರೆ. ಅಲ್ಲಿ ಎಷ್ಟು ಬಿಟ್ಟುಕೊಡಬೇಕು ಎಂಬುದು ನಿಮಗೇ ಬಿಟ್ಟದ್ದು.

ಇಷ್ಟಾದರೂ ಮೆಲಟೋನಿನ್ ಬೇಕೇ? ಬೇಕೆಂದರೆ ಬೇರೇನೂ ಬೆರೆಸದ ಮಾತ್ರೆ ತೆಗೆದುಕೊಳ್ಳಿ. 1ರಿಂದ 3 ಎಂಜಿ ಸಾಕು. ಮಲಗುವುದಕ್ಕೆ ಸ್ವಲ್ಪ ಮುಂಚೆ, ಊಟದ ಜೊತೆ ಬೇಡ. ಆಸೆ ಮಾತ್ರ ಜಾಸ್ತಿ ಇಟ್ಟುಕೊಳ್ಳಬೇಡಿ. ರಾತ್ರಿ ಶಿಫ್ಟ್‌ನವರ ಮೇಲೆ ನಡೆದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ, ಹಗಲು ನಿದ್ದೆ ಹೆಚ್ಚಿದ್ದು ಸುಮಾರು 24 ನಿಮಿಷ. ಅದೂ ಅಷ್ಟು ಗಟ್ಟಿಯಿಲ್ಲದ ಅಧ್ಯಯನಗಳು. ಎದ್ದ ಮೇಲೆ ತಲೆಭಾರ, ವಿಚಿತ್ರ ಕನಸು ಬರಬಹುದು. ರಕ್ತ ತೆಳುವಾಗಿಸುವ ವಾರ್ಫರಿನ್, ಫ್ಲುವೊಕ್ಸಮಿನ್ ಎಂಬ ಮಾನಸಿಕ ಕಾಯಿಲೆಯ ಮಾತ್ರೆ, ಸಿಪ್ರೋಫ್ಲಾಕ್ಸಸಿನ್ ಆ್ಯಂಟಿಬಯೋಟಿಕ್ ಇವುಗಳ ಜೊತೆ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬಾರದು. ಮೆಲಟೋನಿನ್ ಫ್ಯಾಟಿ ಲಿವರ್ ಅನ್ನೇ ಗುಣಪಡಿಸುತ್ತದೆ ಎಂದೂ ಕೆಲವರು ಹೇಳುತ್ತಾರೆ. ಸಣ್ಣಪುಟ್ಟ ಪ್ರಯೋಗಗಳಲ್ಲಿ ಎಸ್‌ಜಿಪಿಟಿ ಇಳಿದದ್ದು ಇದೆ. ಅಷ್ಟಕ್ಕೇ ನಾನು ಅದನ್ನು ಔಷಧ ಎಂದು ಬರೆದುಕೊಡುವುದಿಲ್ಲ. ಮೆಡಿಕಲ್ ಶಾಪಿನ ಲಿವರ್ ಟಾನಿಕ್ ಕೂಡ ಬೇಡ.

ನಿಮ್ಮ ಲಿವರ್ ಎಷ್ಟು ಹದಗೆಟ್ಟಿದೆ? ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್ಲೆಟ್ ಈ ನಾಲ್ಕರಿಂದ ಫಿಬ್-4 ಎಂಬ ಲೆಕ್ಕ ಹಾಕುತ್ತೇವೆ. ನಿಮ್ಮದು 0.93 ಬಂತು. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್‌ನಲ್ಲಿ ಗಾಯದ ಕಲೆ ಹೆಚ್ಚು ಆಗಿರುವ ಸಂಭವ ಕಡಿಮೆ. ಹಿಂದೆ ಬರುವ ಕಾಲ ಇನ್ನೂ ಇದೆ ಎಂದರ್ಥ. ಆದರೂ ಅಪ್ಪನಿಗೆ ಸಿರೋಸಿಸ್ ಇರುವುದರಿಂದ ಒಂದು ಸಲ ಫೈಬ್ರೋಸ್ಕ್ಯಾನ್ (ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಸ್ಕ್ಯಾನ್) ಮಾಡಿಸಿಬಿಡಿ. ಹೆಪಟೈಟಿಸ್ ಬಿ, ಸಿ ಟೆಸ್ಟ್ ಮಾಡಿಸಿಲ್ಲದಿದ್ದರೆ ಅದೂ ಆಗಲಿ. ತೂಕದಲ್ಲಿ ಶೇ. 5 ಇಳಿದರೆ ಲಿವರ್‌ನ ಕೊಬ್ಬು ಕರಗತೊಡಗುತ್ತದೆ, ಶೇ. 7ರಿಂದ 10 ಇಳಿದರೆ ಉರಿಯೂತವೂ ಇಳಿಯುತ್ತದೆ. ನಿಮಗೆ ಅದು ಆರರಿಂದ ಎಂಟು ಕೆಜಿ. ಆರು ತಿಂಗಳು ತೆಗೆದುಕೊಳ್ಳಿ, ಅವಸರ ಬೇಡ. ಪೆಗ್ ಬಗ್ಗೆ ಉದ್ದ ಮಾತಾಡುವುದಿಲ್ಲ. ನಿಮ್ಮ ಮನೆಯ ಕಥೆಯಲ್ಲಿ ಅದು ಸೊನ್ನೆಯಾದರೆ ಒಳ್ಳೆಯದು.

ಒಂದು ಎಚ್ಚರಿಕೆ. ‘ರಾತ್ರಿ ತಿನ್ನಬಾರದು’ ಎಂಬ ಈ ಸಲಹೆಯನ್ನು ಊರಿಗೆ ಫೋನ್ ಮಾಡಿ ಅಪ್ಪನಿಗೆ ಹೇಳಿಬಿಡಬೇಡಿ. ಅವರಿಗೆ ಬೇಕಾದದ್ದು ಇದಕ್ಕೆ ತೀರಾ ಉಲ್ಟಾ. ಆರೋಗ್ಯವಂತ ಲಿವರ್ ರಾತ್ರಿಗೆಂದು ಸಕ್ಕರೆ ಕೂಡಿಟ್ಟುಕೊಂಡಿರುತ್ತದೆ. ಸಿರೋಸಿಸ್ ಲಿವರ್‌ನಲ್ಲಿ ಆ ದಾಸ್ತಾನು ಇಲ್ಲ. ಅವರು ಒಂದು ರಾತ್ರಿ ಖಾಲಿ ಹೊಟ್ಟೆಯಲ್ಲಿದ್ದರೆ, ನಾವು ಎರಡು ಮೂರು ದಿನ ಉಪವಾಸ ಮಾಡಿದಷ್ಟಾಗುತ್ತದೆ. ದೇಹ ಸ್ನಾಯುಗಳನ್ನೇ ಕರಗಿಸಿ ತಿನ್ನಲು ಶುರು ಮಾಡುತ್ತದೆ. ಸ್ನಾಯು ಕರಗಿದರೆ ಅಮೋನಿಯಾ ಇನ್ನೂ ಹೆಚ್ಚುತ್ತದೆ. ಅದಕ್ಕೇ ಮಲಗುವ ಮುಂಚೆ ಅವರಿಗೆ ಏನಾದರೂ ಕೊಡಲೇಬೇಕು. ರಾಗಿ ಗಂಜಿಗೆ ಹಾಲು ಹಾಕಿ, ಅಥವಾ ಇಡ್ಲಿ, ಅಥವಾ ಮೊಸರನ್ನ. ಶುಗರ್ ಇದ್ದರೆ ಎಷ್ಟು ಎಂದು ಡಾಕ್ಟರನ್ನು ಕೇಳಿ. ಬೇಳೆ, ಮೊಟ್ಟೆ ಕೊಡಬಾರದು ಎಂಬ ಹಳೆಯ ಮಾತನ್ನೂ ನಂಬಬೇಡಿ. ಪ್ರೋಟೀನ್ ನಿಲ್ಲಿಸಿದರೆ ಅವರು ಇನ್ನಷ್ಟು ಸೊರಗುತ್ತಾರೆ. ಉಪ್ಪಿನಕಾಯಿ ಹಪ್ಪಳ ಬಿಡಿಸಿದರೆ ಸಾಕು, ಅದು ಹೊಟ್ಟೆಯಲ್ಲಿ ನೀರು ತುಂಬದಿರಲು.

ನಿಮ್ಮ ಫಾಸ್ಟಿಂಗ್ ಶುಗರ್ 108ರ ಬಗ್ಗೆಯೂ ಒಂದು ಮಾತು. ಚೆಕಪ್‌ಗೆ ರಕ್ತ ಕೊಟ್ಟದ್ದು ಬೆಳಗ್ಗೆ ಏಳೆಂಟಕ್ಕೆ ಅಲ್ವಾ? 12.30ಕ್ಕೆ ಬಿರಿಯಾನಿ ತಿಂದು, ನಿದ್ದೆಯಿಲ್ಲದೆ, ಏಳಕ್ಕೆ ಕೊಟ್ಟ ರಕ್ತ ಫಾಸ್ಟಿಂಗ್ ಆಗುವುದಿಲ್ಲ. ಎಂಟು ಗಂಟೆಯಾದರೂ ಹೊಟ್ಟೆ ಖಾಲಿ ಇರಬೇಕು. ಆ ಅಂಕಿಯನ್ನು ಸದ್ಯ ಪಕ್ಕಕ್ಕಿಡಿ. ಗಮ್ಮಿ ನಿಲ್ಲಿಸಿ ಆರರಿಂದ ಎಂಟು ವಾರ ಆದ ಮೇಲೆ ರಜೆಯ ಒಂದು ದಿನ, ಮಲಗಿ ಎದ್ದು, ಏನೂ ತಿನ್ನುವ ಮುಂಚೆ ಲಿವರ್ ಟೆಸ್ಟ್, ಶುಗರ್, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಟೆಸ್ಟ್) ಮೂರನ್ನೂ ಮಾಡಿಸಿ. ಅಷ್ಟರೊಳಗೆ ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮೈ ತುರಿಕೆ ಶುರುವಾದರೆ ಕಾಯಬೇಡಿ. ಹಳೆಯ ಡಬ್ಬಿಯನ್ನು ಎಸೆಯಬೇಡಿ. ಅದರಲ್ಲಿ ಏನೇನಿದೆ ಎಂದು ಡಾಕ್ಟರು ಓದಬೇಕಾಗುತ್ತದೆ, ನಿಮ್ಮ ಡಾಕ್ಟರೂ, ಅಪ್ಪನ ಡಾಕ್ಟರೂ.